ಒತ್ತಿದರೆ ಬಿಡಬೇಕು

ಮಾವನ ಹಣೆಯ ಮೇಲೆ ನಿಂಬೆಕಾಯಿ ಗಾತ್ರದ ಬುಗುಟೆ ಎದ್ದಿತ್ತು. ಬೀರುವಿನ ಬಾಗಿಲು ತಾಗಿತು ಎಂದರು. ಅತ್ತೆ ನಂಬಿದರು, ಮಗ ನಂಬಿದ. ಸೊಸೆ ಮಾತ್ರ ನಂಬಲಿಲ್ಲ. ಬೀರುವಿನ ಬಾಗಿಲು ಹಣೆಗೆ ತಾಗಬಹುದು ಸರಿ, ಕನ್ನಡಕದ ಒಂದು ಗಾಜನ್ನೂ ಒಡೆದು, ಆ ಚೂರನ್ನು ಒಯ್ದು ಕಾರಿನ ಬ್ರೇಕಿನ ಕೆಳಗೆ ಹಾಕಿ ಬರುತ್ತದೆಯೇ? ಬೆಳಿಗ್ಗೆ ಕಾರಿಗೆ ಸಾಮಾನು ತುಂಬುವಾಗ ಅವಳಿಗೆ ಆ ಚೂರು ಸಿಕ್ಕಿತ್ತು.

ಬೀದಿಯವರು ಅವಳನ್ನು ಕರೆಯುತ್ತಿದ್ದುದು ಸೀಟಕ್ಕ ಎಂದು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಕಾರಿನ ಸೀಟು, ವ್ಯಾನಿನ ಸೀಟು, ಹಲ್ಲಿನ ಡಾಕ್ಟರ ಕುರ್ಚಿ, ಕ್ಷೌರದಂಗಡಿಯ ಕುರ್ಚಿ, ಒಟ್ಟಿನಲ್ಲಿ ಮನುಷ್ಯ ಕೂರುವಂಥದ್ದು ಏನೇ ಹರಿದು ಬಂದರೂ ಹಳೆ ಹೊದಿಕೆ ಬಿಚ್ಚಿ, ಸ್ಪಂಜು ಬದಲಿಸಿ, ಹೊಸ ರೆಕ್ಸಿನ್ ಹೊಲಿದು ಕೊಡುವುದು ಅವಳ ಕಸುಬು. "ಊರಲ್ಲಿ ಅರ್ಧ ಜನ ನನ್ನ ಹೊಲಿಗೆ ಮೇಲೆ ಕೂತಿದಾರೆ, ಇನ್ನರ್ಧ ಜನ ಕಾಯ್ತಾ ನಿಂತಿದಾರೆ" ಎಂದು ನಗುತ್ತಿದ್ದಳು. ಹೊಲಿದದ್ದನ್ನು ಗಿರಾಕಿಗಳಿಗೆ ಮುಟ್ಟಿಸುವ ಕೆಲಸ ಮಾವನದು. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಸುಮ್ಮನೆ ಕೂತರೆ ಮೈಗೆ ತುಕ್ಕು ಹಿಡಿಯುತ್ತದೆ ಎಂದು ತಾವಾಗಿಯೇ ವಹಿಸಿಕೊಂಡಿದ್ದರು. ಮನೆಯ ಹಳೆ ಕಾರಿನ ಹಿಂದಿನ ಸೀಟು ಕಿತ್ತು ಸಾಮಾನಿಗೆ ಜಾಗ ಮಾಡಿದ್ದೂ ಅವರೇ. ಶೆಡ್ಡಿನಲ್ಲಿ ಅವಳು ಯಜಮಾನಿ, ಅವರು ಡ್ರೈವರು. ಹೊಸಿಲು ದಾಟಿ ಮನೆಯೊಳಗೆ ಬಂದರೆ ಅವರು ಮಾವ, ಅವಳು ಸೊಸೆ. ಹಾಗಾಗಿ ಅವರಿಗೆ ಏನಾದರೂ ಹೇಳಬೇಕಾದಾಗ ಯಾವ ಬಾಯಲ್ಲಿ ಹೇಳುವುದು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಕ್ಷೌರದಂಗಡಿಯವನು ಫೋನ್ ಮಾಡಿದ. ಕುರ್ಚಿ ಚೆನ್ನಾಗಿ ಬಂದಿದೆ ಎಂದ. ಆಮೇಲೆ, "ಅಂದಹಾಗೆ ಸೀಟಕ್ಕ, ನಿಮ್ಮ ಮಾವ ಹೇಗಿದಾರೆ? ನಮ್ಮಂಗಡಿ ಮುಂದೆ ನಾಯಿ ಅಡ್ಡ ಬಂತಲ್ಲ, ಬ್ರೇಕ್ ಹಾಕಿದ ಏಟಿಗೆ ಹಣೆ ಹೋಗಿ ಸ್ಟೇರಿಂಗಿಗೆ ಬಡೀತು. ಬೆಲ್ಟ್ ಹಾಕಿರಲಿಲ್ಲ ನೋಡಿ. ನಾಯಿಗೇನೂ ಆಗಲಿಲ್ಲ" ಎಂದ.

ಸಂಜೆ ಚಹಾ ಕೊಡುತ್ತಾ ಅವಳು ಮೆಲ್ಲಗೆ ಮಾತು ತೆಗೆದಳು. "ಮಾವ, ಇನ್ಮೇಲೆ ಬೆಲ್ಟ್ ಹಾಕ್ಕೊಳಿ."

ಮಾವ ಅಂಗಿಯ ಅಂಚು ಎತ್ತಿ ಸೊಂಟ ತೋರಿಸಿದರು. "ಹಾಕ್ಕೊಂಡಿದೀನಲ್ಲಮ್ಮ. ಇಲ್ಲದಿದ್ರೆ ಪ್ಯಾಂಟ್ ನಿಲ್ಲುತ್ತಾ?"

ಗಂಡ ಬಾಯಿಗೆ ಚಹಾದ ಲೋಟ ಅಡ್ಡ ಹಿಡಿದು ನಕ್ಕ. ಔಷಧಿ ಅಂಗಡಿಯಲ್ಲಿ ಇಡೀ ದಿನ ಜನರಿಗೆ ಯಾವ ಮಾತ್ರೆ ಯಾವಾಗ ಎಂದು ಹೇಳುವ ಅವನಿಗೆ ಮನೆಯಲ್ಲಿ ಅಪ್ಪನಿಗೆ ಒಂದು ಮಾತು ಹೇಳಲು ನಾಲಿಗೆ ಹೊರಳುತ್ತಿರಲಿಲ್ಲ. "ನನ್ನನ್ನ ಮಧ್ಯ ಎಳೀಬೇಡ" ಎಂದು ಆಮೇಲೆ ಒಳಗೆ ಹೇಳಿದ. ಅತ್ತೆ ಹೇಳಿದ್ದು ಇನ್ನೂ ಚೆನ್ನಾಗಿತ್ತು: "ನಾನು ಹೇಳಿ ಹೇಳಿ ಸೋತು ಬಿಟ್ಟಿದೀನಿ ಕಣೇ. ಆ ಕಿವಿ ಹಾರ್ನಿಗೆ ಬಿಟ್ಟರೆ ಬೇರೆ ಯಾವುದಕ್ಕೂ ತಿರುಗಲ್ಲ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?"

"ನಾನು ಕಟ್ತೀನಿ ಅತ್ತೆ" ಎಂದಳು ಸೊಸೆ.

ಮಾತಿಗೆ ಹೇಳಿದ್ದಲ್ಲ. ಹೊಸ ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೆ ಟಿಂಗ್ ಟಿಂಗ್ ಎಂದು ತಲೆ ತಿನ್ನುವ ಶಬ್ದ ಬರುವುದನ್ನು ಅವಳು ಗಿರಾಕಿಗಳ ಕಾರಿನಲ್ಲಿ ಕೇಳಿದ್ದಳು. ಸೊಸೆ ಹೇಳಿದರೆ ತಲೆಹರಟೆ, ಕಾರೇ ಹೇಳಿದರೆ?

ಆ ಬೀದಿಯಲ್ಲಿ ವಾಹನಗಳ ವೈರಿಂಗ್ ಮಾಡುವವನೊಬ್ಬನಿದ್ದ. ಏನೇ ಕೆಟ್ಟಿರಲಿ, ಮೊದಲು ಫ್ಯೂಸ್ ನೋಡೋಣ ಎನ್ನುತ್ತಿದ್ದರಿಂದ ಅವನಿಗೆ ಫ್ಯೂಸಣ್ಣ ಎಂದೇ ಹೆಸರು ಬಿದ್ದಿತ್ತು. ದಪ್ಪ ಆಳು, ಡ್ಯಾಶ್‌ಬೋರ್ಡಿನ ಕೆಳಗೆ ತೂರಿಕೊಂಡರೆ ಹೊರಗೆ ಬರುವುದೇ ಒಂದು ಸಾಹಸ. ಅವನು ಕಾರಿನೊಳಗೆ ಇಣುಕಿ ತಲೆ ಅಲ್ಲಾಡಿಸಿದ.

"ಈ ಕಾರು ಹುಟ್ಟಿದಾಗ ಆ ಟಿಂಗ್ ಟಿಂಗ್ ಇನ್ನೂ ಹುಟ್ಟಿರಲಿಲ್ಲಕ್ಕ. ನಿಮ್ಮ ಬಕಲ್ ಮೂಗಿ. ಬೆಲ್ಟ್ ಸಿಕ್ಕಿಸಿದ್ರೂ ಮಾತಾಡಲ್ಲ, ಬಿಟ್ಟರೂ ಮಾತಾಡಲ್ಲ. ಒಳಗೆ ಸ್ವಿಚ್ ಇದ್ದು ವೈರ್ ಹೊರಗೆ ಬಂದಿರೋ ಬಕಲ್ ತನ್ನಿ. ಮಿಕ್ಕಿದ್ದು ನನಗೆ ಬಿಡಿ."

"ಎಲ್ಲಿ ಸಿಗುತ್ತೆ?"

"ಗುಜರೀಲಿ ಹುಡುಕಿ. ಪುಣ್ಯ ಇದ್ರೆ ಸಿಗುತ್ತೆ."

ಅವಳು ಗುಜರಿ ಅಂಗಳಕ್ಕೆ ಹೋದಳು. ಒಂದರ ಮೇಲೊಂದು ಪೇರಿಸಿದ ಕಾರುಗಳ ನಡುವೆ ಬಗ್ಗಿ, ತೂರಿ, ಮೊಣಕೈ ತರಚಿಕೊಂಡು ಹುಡುಕಿದಳು. ಒಂದರ ಬೋಲ್ಟು ದಪ್ಪ, ಇನ್ನೊಂದರ ಕತ್ತು ಸೊಟ್ಟ, ಮತ್ತೊಂದರ ವೈರನ್ನು ಇಲಿ ತಿಂದಿತ್ತು. ಗುಜರಿಯವನು, "ಏನಕ್ಕ, ಮಣ್ಣಲ್ಲಿ ಸಾಸಿವೆ ಹುಡುಕ್ತಿದೀರಾ?" ಎಂದು ಕೇಳಿದ. ಕೊನೆಗೆ ಮೂತಿ ಜಜ್ಜಿದ ಹಸಿರು ಕಾರೊಂದರಲ್ಲಿ ತನಗೆ ಬೇಕಾದ್ದು ಸಿಕ್ಕಿತು. ಬೋಲ್ಟು ಸರಿಹೊಂದಿತು. ಹಿಂದೆ ಬಾಲದಂತೆ ಎರಡು ವೈರು ನೇತಾಡುತ್ತಿದ್ದವು. ಗೆದ್ದವಳ ಹಾಗೆ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಬಂದಳು.

ಮಾವ ಮಲಗಿದ್ದ ಮಧ್ಯಾಹ್ನ ನೋಡಿಕೊಂಡು ಫ್ಯೂಸಣ್ಣ ಬಂದ. ಕೀ ತಿರುಗಿಸಿದಾಗ ಜೀವ ಬರುವ ಫ್ಯೂಸಿನಿಂದ ಒಂದು ವೈರು ಎಳೆದು, ಪುಟ್ಟ ಬಜರೊಂದನ್ನು ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಿ, ಬಕಲಿನ ವೈರಿಗೆ ಸೇರಿಸಿದ. ಹಳೆ ಬಕಲ್ ಬಿಚ್ಚಿ ಗುಜರಿಯದನ್ನು ಅವಳೇ ಬಿಗಿದಳು.

ಮರುದಿನ ಮಾವ ಕೂತು ಕೀ ತಿರುಗಿಸಿದರು. ಟಿಂಗ್ ಟಿಂಗ್ ಟಿಂಗ್. ಅವರು ಮೇಲೆ ನೋಡಿದರು, ಕೆಳಗೆ ನೋಡಿದರು, ಶೆಡ್ಡಿನ ಬಾಗಿಲಲ್ಲಿ ಹಲ್ಲಿನ ನಡುವೆ ದಾರ ಕಚ್ಚಿಕೊಂಡು ನಿಂತಿದ್ದ ಸೊಸೆಯನ್ನು ನೋಡಿದರು.

"ಏನಮ್ಮಾ ಇದು? ಕಾರಿಗೆ ಬಿಕ್ಕಳಿಕೆ ಬಂದಿದೆಯಲ್ಲ?"

"ಬೆಲ್ಟ್ ಹಾಕಿದ್ರೆ ನಿಲ್ಲುತ್ತೆ ಮಾವ."

ಅವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಮತ್ತೆ ನಕ್ಕು, "ಯಜಮಾನಿ ಹೇಳಿದ ಮೇಲೆ ಮುಗೀತು" ಎಂದು ಬೆಲ್ಟ್ ಎಳೆದು ಸಿಕ್ಕಿಸಿ ಹೊರಟರು. ಅತ್ತೆ ಅಡುಗೆಮನೆಯ ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದರು.

ಒಂದು ವಾರ ಎಲ್ಲವೂ ಸರಿಯಿತ್ತು. ಆದರೆ ಸೀಟು ಹೊಲಿಯುವವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಡ್ರೈವರ್ ಸೀಟಿನ ಬೆನ್ನಿನ ಮೇಲೆ, ಓರೆಯಾಗಿ, ಪಟ್ಟಿಯ ಅಗಲದ ಒಂದು ತಗ್ಗು ಬಿದ್ದಿತ್ತು. ಬೆಲ್ಟ್ ಎದೆಯ ಮೇಲಿದ್ದರೆ ಬೆನ್ನ ಹಿಂದೆ ಗೆರೆ ಬೀಳುವುದು ಹೇಗೆ? ಮಾವ ಮೊದಲು ಬೆಲ್ಟನ್ನು ಖಾಲಿ ಸೀಟಿಗೆ ಸಿಕ್ಕಿಸಿ, ಆಮೇಲೆ ಅದರ ಮೇಲೆ ಒರಗಿ ಕೂರುತ್ತಿದ್ದರು. ಮೊದಲ ದಿನದ ನಾಟಕ ಬೀದಿಯ ತಿರುವಿನವರೆಗೆ ಮಾತ್ರ.

ಅವಳಿಗೆ ಸಿಟ್ಟು ಬಂತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಇಲ್ಲಿ ಮಾವನ ಮೇಲಿನ ಕೋಪವನ್ನೆಲ್ಲ ಹೊಲಿಗೆ ಯಂತ್ರದ ಪೆಡಲಿನ ಮೇಲೆ ತೀರಿಸಿದಳು. ಆಮೇಲೆ ಫ್ಯೂಸಣ್ಣನ ಬಳಿ ಹೋಗಿ, "ಮೊದಲು ಮನುಷ್ಯ ಕೂರಬೇಕು, ಆಮೇಲೆ ಬೆಲ್ಟ್ ಸಿಕ್ಕಬೇಕು. ಹಿಂದುಮುಂದಾದ್ರೆ ಬಡೀತಾನೇ ಇರಬೇಕು. ಆಗುತ್ತಾ?" ಎಂದಳು.

ಫ್ಯೂಸಣ್ಣನ ಮುಖ ಅರಳಿತು. ಬಲ್ಬು ಬದಲಿಸಿ ಬದಲಿಸಿ ಬೇಸತ್ತಿದ್ದವನಿಗೆ ಇದು ಹಬ್ಬದೂಟದಂತಾಯಿತು. ಭಾರ ಬಿದ್ದರೆ ಸುಳಿವು ಕೊಡುವ ಹಾಳೆಯಂಥ ಒಂದು ತೆಳುವಾದ ಪಟ್ಟಿ ತಂದ. ಸೀಟಿನ ಕೆಲಸ ಅವಳದೇ ಆಯಿತು. ಸೀಟು ಕಳಚಿ ಶೆಡ್ಡಿಗೆ ತಂದು, ಅಡಿಯ ತಂತಿ ಉಂಗುರಗಳನ್ನು ಕತ್ತರಿಸಿ ಹೊದಿಕೆ ಸುಲಿದು, ಸ್ಪಂಜಿನ ಮೇಲೆ ಆ ಪಟ್ಟಿಯನ್ನು ಮಡಿಕೆ ಬೀಳದಂತೆ ಹಾಸಿ, ವೈರನ್ನು ಹಿಂದಕ್ಕೆ ಹಾಯಿಸಿ, ಹೊದಿಕೆಯನ್ನು ಮತ್ತೆ ಮೊದಲಿನ ತೂತುಗಳಲ್ಲೇ ಹೊಲಿದಳು. ಬಿಚ್ಚಿ ಹೊಲಿದದ್ದೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಮರುದಿನ ಮಾವ ಎಂದಿನಂತೆ ಬೆಲ್ಟ್ ಸಿಕ್ಕಿಸಿ ಅದರ ಮೇಲೆ ಕೂತರು. ಟಿಂಗ್ ಟಿಂಗ್. ಎದ್ದರು. ಮತ್ತೆ ಕೂತರು. ಟಿಂಗ್ ಟಿಂಗ್. ಕಾರಿನಿಂದ ಇಳಿದು ಸೀಟನ್ನು ಸುತ್ತ ಒತ್ತಿ ನೋಡಿದರು. ಬಾಗಿಲಲ್ಲಿ ನಿಂತ ಸೊಸೆಗೆ, "ಶಹಬ್ಬಾಸ್" ಎಂದರು. ಆ ಮಾತಿನಲ್ಲಿ ಮೆಚ್ಚುಗೆ ನಿಜವಾಗಿಯೂ ಇತ್ತು. ಕೂತ ಮೇಲೆ ಬೆಲ್ಟ್ ಹಾಕಿಕೊಂಡು ಹೋದರು.

ಆದರೆ ಅದೂ ಬಹಳ ದಿನ ನಡೆಯಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಒಗೆಯುವ ಬಟ್ಟೆಯ ಜೇಬುಗಳನ್ನು ತಡಕುತ್ತಾ, "ಇದೇನೇ ಇದು? ಚಮಚವೂ ಅಲ್ಲ, ಬೀಗದ ಕೈಯೂ ಅಲ್ಲ" ಎಂದು ಒಂದು ಲೋಹದ ತುಂಡನ್ನು ಎತ್ತಿ ಹಿಡಿದರು.

ಬಕಲಿನೊಳಗೆ ಹೋಗಿ ಕೂರುವ ನಾಲಿಗೆ ಅದು. ಪಟ್ಟಿ ಇಲ್ಲದ ಬರೀ ನಾಲಿಗೆ. ಯಾವುದೋ ಹಳೆ ಬಸ್ಸಿನ ಬೆಲ್ಟಿನದಿರಬೇಕು. ಕೂತ ಮೇಲೆ ಇದನ್ನು ಬಕಲಿಗೆ ಸಿಕ್ಕಿಸಿದರೆ ಮುಗಿಯಿತು, ಗಂಟೆಗೆ ಸಮಾಧಾನ, ಮಾವನಿಗೆ ಸ್ವಾತಂತ್ರ್ಯ.

ಫ್ಯೂಸಣ್ಣನಿಗೆ ತೋರಿಸಿದಾಗ ಅವನು ಬಿದ್ದು ಬಿದ್ದು ನಕ್ಕ. "ನಾವು ಚಾಪೆ ಕೆಳಗೆ ತೂರಿದ್ರೆ ನಿಮ್ಮ ಮಾವ ರಂಗೋಲಿ ಕೆಳಗೇ ತೂರೋ ಆಸಾಮಿ! ಇರಲಿ ಅಕ್ಕ, ಪಟ್ಟಿ ಹೊರಗೆ ಬಂತೋ ಇಲ್ವೋ ನೋಡೋಕೂ ಒಂದು ಸ್ವಿಚ್ ಹಾಕೋಣ. ಬಿಡಬಾರದು."

ಅವಳು ನಗಲಿಲ್ಲ. ನಾಲಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಬಸ್ಸಿನದು ಈ ಬಕಲಿಗೆ ಸರಿಹೊಂದುವುದಿಲ್ಲ. ಅಂಚುಗಳನ್ನು ಅರದಿಂದ ತಿಕ್ಕಿ ತಿಕ್ಕಿ ಸಣ್ಣದು ಮಾಡಿದ್ದರು. ಅದೂ ಅವಸರದ ಕೆಲಸವಲ್ಲ. ನಾಲ್ಕೂ ಮೂಲೆ ನುಣುಪು. ತನ್ನದೇ ಶೆಡ್ಡಿನ ಅರದಿಂದ, ತಾನು ಇಲ್ಲದ ಹೊತ್ತಿನಲ್ಲಿ, ಆ ವಯಸ್ಸಾದ ಕೈಗಳಲ್ಲಿ ಎಷ್ಟು ಹೊತ್ತು ಕೂತು ಉಜ್ಜಿರಬೇಕು! ಸೋಮಾರಿಯಾದವನು ಇಷ್ಟು ಕಷ್ಟಪಡುವುದಿಲ್ಲ. ಹಟಮಾರಿಯೂ ಇಷ್ಟು ಕಷ್ಟಪಡುವುದಿಲ್ಲ. ಅವನು ಆಗಲ್ಲ ಹೋಗು ಎಂದು ಬಾಯಿಬಿಟ್ಟು ಹೇಳುತ್ತಾನೆ. ಇಷ್ಟು ಕಷ್ಟಪಡುವವನು ಹೆದರಿದವನು.

"ಸ್ವಿಚ್ ಬೇಡ ಫ್ಯೂಸಣ್ಣ" ಎಂದಳು. "ಮೊದಲು ನಾನು ಮಾವನ್ನ ಕೇಳಬೇಕು. ಆ ಕೆಲಸ ನಾನು ಮಾಡೇ ಇಲ್ಲ."

ಮಾವ ಹೊರಡುವ ಹೊತ್ತಿಗೆ ಅವಳು ಹೋಗಿ ಕಾರಿನಲ್ಲಿ ಅವರ ಪಕ್ಕ ಕೂತಳು. ಲೋಹದ ನಾಲಿಗೆಯನ್ನು ಅಂಗೈಯಲ್ಲಿ ಚಾಚಿದಳು. ಮಾವ ಅದನ್ನು ನೋಡಿ, ಸಿಕ್ಕಿಬಿದ್ದ ಮಗುವಿನಂತೆ ಕಿಟಕಿಯ ಕಡೆ ತಿರುಗಿದರು.

"ಬೈಯೋಕೆ ಬಂದಿಲ್ಲ ಮಾವ. ಕೇಳೋಕೆ ಬಂದಿದೀನಿ. ಈ ಬೆಲ್ಟಂದ್ರೆ ನಿಮಗೆ ಏನು?"

"ಏನಿಲ್ಲಮ್ಮ. ಅಭ್ಯಾಸ ಇಲ್ಲ ಅಷ್ಟೇ."

"ನೀವು ಹೇಳೋವರೆಗೂ ನಾನು ಇಳಿಯಲ್ಲ. ಹಲ್ಲಿನ ಡಾಕ್ಟರು ಕುರ್ಚಿ ಇಲ್ಲದೆ ರೋಗೀನ ನಿಲ್ಲಿಸಿಯೇ ಹಲ್ಲು ಕೀಳಲಿ."

ಮಾವನಿಗೆ ನಗು ಬಂತು, ಆದರೆ ಅದು ತುಟಿ ದಾಟಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟರು. ಆಮೇಲೆ ಹೇಳತೊಡಗಿದರು.

ಅವಳು ಆ ಮನೆಗೆ ಬರುವ ಎಷ್ಟೋ ಮುಂಚಿನ ಮಾತು. ದೂರದ ದಾರಿ, ಬಸ್ಸಿಗೆ ಇಬ್ಬರು ಡ್ರೈವರು. ಮಾವ ತಮ್ಮ ಪಾಳಿ ಮುಗಿಸಿ ಕೊನೆಯ ಸೀಟಿನಲ್ಲಿ ಮಲಗಿದ್ದರು, ಜೊತೆಗಾರ ಓಡಿಸುತ್ತಿದ್ದ. ಬೆಳಗಿನ ಜಾವದ ಮಂಜಿನಲ್ಲಿ ಬಸ್ಸು ದಾರಿ ಬಿಟ್ಟು ನಾಲೆಗೆ ಇಳಿಯಿತು. ಮೂತಿ ಕೆಳಗೆ, ಬಾಲ ಮೇಲೆ. ಪ್ರಯಾಣಿಕರನ್ನೆಲ್ಲ ಹಿಂದಿನ ಬಾಗಿಲಿನಿಂದ ಇಳಿಸಿದರು. ಒಬ್ಬರಿಗೂ ದೊಡ್ಡ ಏಟಾಗಲಿಲ್ಲ. ಆಮೇಲೆ ಮಾವ ಸೀಟುಗಳನ್ನು ಹಿಡಿದು ಹಿಡಿದು ಮುಂದಕ್ಕೆ ಇಳಿದರು.

"ಅವನಿಗೂ ಏನೂ ಆಗಿರಲಿಲ್ಲಮ್ಮ. ಮಾತಾಡ್ತಿದ್ದ. ನೀರು ಸೊಂಟದವರೆಗೆ ಇತ್ತು. 'ಬಕಲ್ ಬಿಡ್ತಿಲ್ಲ ಕಣೋ, ನೋಡು' ಅಂದ. ಬಸ್ಸು ಮುಂದಕ್ಕೆ ವಾಲಿತ್ತಲ್ಲ, ಅವನ ಭಾರವೆಲ್ಲ ಬೆಲ್ಟಿನ ಮೇಲೆ. ನಾನು ಮುಳುಗಿ ಗುಂಡಿ ಒತ್ತಿದೆ. ಗುಂಡಿ ಒಳಗೆ ಹೋಗ್ತಿತ್ತು, ನಾಲಿಗೆ ಬಿಡ್ತಿರಲಿಲ್ಲ. ಒತ್ತಿದೆ, ಒತ್ತಿದೆ. ಬಸ್ಸು ಕೆಸರಲ್ಲಿ ಮೆಲ್ಲಗೆ ಕೂತ್ಕೋತಾ ಇತ್ತು. ನೀರು ಎದೆಗೆ ಬಂತು, ಕತ್ತಿಗೆ ಬಂತು. ಅವನು 'ನಿಧಾನ ಒತ್ತು, ಅವಸರ ಮಾಡಬೇಡ' ಅಂತ ನನಗೇ ಸಮಾಧಾನ ಹೇಳ್ತಿದ್ದ. ಆಮೇಲೆ ಮಾತು ನಿಂತು ಹೋಯ್ತು."

ಅವಳು ಅಂಗೈಯಲ್ಲಿದ್ದ ನಾಲಿಗೆಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು.

"ಬೆಲ್ಟ್ ಹಾಕ್ಕೊಂಡ್ರೆ ಜನ ಬದುಕ್ತಾರೆ ಅಂತ ನನಗೆ ಗೊತ್ತಿಲ್ವಾ? ತಲೆಗೆ ಗೊತ್ತು. ಆ ಕ್ಲಿಕ್ ಅನ್ನೋ ಶಬ್ದ ಕೇಳಿದ ಕೂಡಲೇ ಮೈಯೆಲ್ಲ ತಣ್ಣಗಾಗುತ್ತೆ. ಕೈ ಹಿಡಿತ ತಪ್ಪುತ್ತೆ. ಹಾಗೆ ಓಡಿಸೋದು ಇನ್ನೂ ಅಪಾಯ." ಅವರು ಸೊಸೆಯ ಕಡೆ ತಿರುಗಿದರು. "ಒಂದು ಮಾತು ಕೇಳ್ತೀನಿ. ಗುಜರಿಯಿಂದ ಆ ಬಕಲ್ ತಂದು ಹಾಕಿದೀಯಲ್ಲ. ಭಾರ ಬಿದ್ದಾಗ ಒತ್ತಿದ್ರೆ ಬಿಡುತ್ತಾ? ನೋಡಿದೀಯಾ?"

ಅವಳು ನೋಡಿರಲಿಲ್ಲ. ಬೋಲ್ಟು ನೋಡಿದ್ದಳು, ವೈರು ನೋಡಿದ್ದಳು, ಗಂಟೆ ಬಡಿಯುವುದನ್ನು ನೋಡಿದ್ದಳು. "ಇಲ್ಲ ಮಾವ" ಎಂದಳು. ತನ್ನ ಕಡೆಯ ಬಾಗಿಲು ತೆರೆದು, "ಈಗಲೇ ನೋಡೋಣ. ಇಳೀರಿ" ಎಂದಳು.

ಭಾರದ ಕುರ್ಚಿಗಳನ್ನು ಎತ್ತಲು ಶೆಡ್ಡಿನ ಮಾಡಿನಲ್ಲಿ ಕಬ್ಬಿಣದ ತೊಲೆಯೊಂದಿತ್ತು. ಕಾರಿನಿಂದ ಬೆಲ್ಟು, ಬಕಲು ಎರಡನ್ನೂ ಬಿಚ್ಚಿ ತಂದು ತೊಲೆಗೆ ಬಿಗಿದರು. ಪಟ್ಟಿ ಉಯ್ಯಾಲೆಯಂತೆ ಇಳಿಬಿತ್ತು. ಕೆಳಗೆ ಸ್ಪಂಜಿನ ಹಾಳೆಗಳನ್ನು ರಾಶಿ ಹಾಕಿ ಅವಳು ಪಟ್ಟಿಯಲ್ಲಿ ಕೂತು ಕಾಲು ಮೇಲೆತ್ತಿದಳು. "ಒತ್ತಿ ಮಾವ."

ಮಾವ ಸ್ಟೂಲಿನ ಮೇಲೆ ನಿಂತು ಒತ್ತಿದರು. ಗುಂಡಿ ಒಳಗೆ ಹೋಯಿತು. ಏನೂ ಆಗಲಿಲ್ಲ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದರು. ಅವರ ಮುಖ ಸುಣ್ಣದಂತಾಯಿತು. ಅವಳು ಬಾವಲಿಯ ಹಾಗೆ ನೇತಾಡುತ್ತಲೇ ಇದ್ದಳು. ಕೊನೆಗೆ ಕಾಲು ಸ್ಪಂಜಿನ ಮೇಲೆ ಊರಿ ಭಾರ ಇಳಿಸಿದ ಮೇಲೆಯೇ ಟಕ್ಕೆಂದು ಬಿಟ್ಟಿತು.

ಮಾವ ಸ್ಪಂಜಿನ ರಾಶಿಯ ಮೇಲೆ ಕುಸಿದು ಕೂತರು. ಅವಳು ಬಕಲನ್ನು ಮೇಜಿನ ಮೇಲಿಟ್ಟು ಸ್ಕ್ರೂಡ್ರೈವರಿನಿಂದ ಸೀಳಿದಳು. ಒಳಗೆ ಯಾರೋ ಎಂದೋ ಚೆಲ್ಲಿದ ಸಿಹಿ ಪಾನೀಯ ಅಂಟಾಗಿ ಒಣಗಿ, ಅದರ ಮೇಲೆ ತುಕ್ಕು, ಧೂಳು, ಕೂದಲು. ಇಂಥದ್ದನ್ನು ತನ್ನ ಕೈಯಾರೆ ಮಾವನ ಪಕ್ಕದಲ್ಲಿ ಬಿಗಿದಿದ್ದಳು. ಅದಕ್ಕೆ ಗಂಟೆ ಬೇರೆ ಕಟ್ಟಿದ್ದಳು.

"ನಿಮ್ಮ ಹೆದರಿಕೆ ಸರಿ ಇತ್ತು ಮಾವ. ನನ್ನದೇ ತಪ್ಪು" ಎಂದಳು. ಆಮೇಲೆ ಕೈ ಒರೆಸಿಕೊಂಡಳು. "ಹಾಗಂತ ಬಿಡೋಳಲ್ಲ ನಾನು."

"ಗೊತ್ತು" ಎಂದರು ಮಾವ. ಅವರ ಮುಖಕ್ಕೆ ಸ್ವಲ್ಪ ರಕ್ತ ಮರಳಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಅವಳು ಅತ್ತೆಗೆ ವಿಷಯ ತಿಳಿಸಿದಳು. ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು. "ಜೊತೆಗಾರ ಹೋದದ್ದು ಗೊತ್ತಿತ್ತು. ಇವರು ಪಕ್ಕದಲ್ಲೇ ಇದ್ದದ್ದು ಗೊತ್ತಿರಲಿಲ್ಲ. ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು ಆವಾಗ. ಜಾಕಿ ಜಾರಿತು ಅಂದ್ರು. ನಾನು ಅರಿಶಿನ ಹಚ್ಚಿ ಕಟ್ಟಿದೆ." ಕಣ್ಣೊರೆಸಿಕೊಂಡು, "ಈ ಗಂಡಸರಿಗೆ ಏನಾದ್ರೂ ಜಾಕಿ ಮೇಲೆ, ಬೀರು ಮೇಲೆ ಹಾಕಿಬಿಡೋದು ಒಂದು ರೋಗ" ಎಂದರು.

ಮುಂದಿನ ಕೆಲಸದಲ್ಲಿ ಮಾವನೇ ಮುಂದೆ ನಿಂತರು. ಗುಜರಿ ಬೇಡ, ಹೊಚ್ಚಹೊಸದೇ ಆಗಬೇಕು ಎಂದು ಬಿಡಿಭಾಗದ ಅಂಗಡಿಗೆ ಹೋದರು. ಬಕಲ್ ಮಾತ್ರವಲ್ಲ, ಪಟ್ಟಿಯ ಸಮೇತ ಇಡೀ ಬೆಲ್ಟು. ಹಳೆ ಪಟ್ಟಿಯ ಅಂಚು ಜೂಲುಜೂಲಾಗಿತ್ತು. ಹೊಲಿದು ಸರಿಮಾಡಬಹುದಲ್ಲ ಎಂದು ಗಂಡ ಕೇಳಿದಾಗ, "ಈ ಪಟ್ಟಿಗೆ ಮಾತ್ರ ನನ್ನ ಸೂಜಿ ಮುಟ್ಟಿಸಲ್ಲ. ತೂತು ಬಿದ್ದಲ್ಲೇ ಹರಿಯೋದು" ಎಂದಳು.

ತಂದದ್ದನ್ನು ಕಾರಿಗೆ ಹಾಕುವ ಮೊದಲು ತೊಲೆಗೆ ಕಟ್ಟಿದರು. ಅವಳು ಕೂತಳು, ಮಾವ ಒತ್ತಿದರು, ಅವಳು ದಬ್ಬೆಂದು ಸ್ಪಂಜಿನ ಮೇಲೆ ಬಿದ್ದಳು. ಸೊಸೆಯನ್ನು ಬೀಳಿಸಿ ಅಷ್ಟು ಸಂತೋಷಪಟ್ಟ ಮಾವ ಬೇರೊಬ್ಬರಿರಲಾರರು. ಆದರೂ ಅವರು ತಲೆ ಅಲ್ಲಾಡಿಸಿದರು. "ಬಿಟ್ಟಿತು, ಆದರೆ ಬಿಗಿ. ಇದು ಬೇಡ." ಅಂಗಡಿಯವನು ಗೊಣಗಿದ, ಇವರು ಕೇಳಲಿಲ್ಲ. ಬದಲಿಗೆ ತಂದದ್ದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಿಟ್ಟಿತು. ಅಷ್ಟಕ್ಕೇ ಮಾವ ತೃಪ್ತರಾಗಲಿಲ್ಲ. ಫ್ಯೂಸಣ್ಣನನ್ನು ಕರೆಸಿ ಕೂರಿಸಿದರು. ತೊಲೆ ಕಿರ್ರೆಂದಿತು.

"ಏನು ಸಾರ್, ನನ್ನನ್ನ ತೂಕದ ಬಟ್ಟು ಮಾಡ್ಕೊಂಡ್ರಾ?"

"ನಿನ್ನಂಥ ಬಟ್ಟು ಇನ್ನೆಲ್ಲಿ ಸಿಗುತ್ತೋ? ಕಾಲೆತ್ತು."

ಫ್ಯೂಸಣ್ಣ ಬಿದ್ದ. ಎದ್ದ. ಮತ್ತೆ ಬಿದ್ದ. ಮಾವ ಕೈ ಒದ್ದೆ ಮಾಡಿಕೊಂಡು ಒತ್ತಿದರು. ಎಡಗೈಯಲ್ಲಿ ಒತ್ತಿದರು. ಕಣ್ಣು ಮುಚ್ಚಿ, ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಗುಂಡಿ ಹುಡುಕಿ ಒತ್ತಿದರು. ಪ್ರತಿ ಸಲವೂ ಬಿಟ್ಟಿತು.

"ಇನ್ನೊಂದು ಸಲ" ಎಂದರು.

"ಸಾರ್, ನನ್ನ ಸೊಂಟ."

"ಇನ್ನೊಂದೇ ಸಲ ಕಣೋ."

ಅಷ್ಟಾದ ಮೇಲೂ ಮಾವ ಸುಮ್ಮನೆ ಬಕಲನ್ನು ನೋಡುತ್ತಾ ನಿಂತಿದ್ದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತಾಯಿತು. ಇಷ್ಟು ಸಲ ಬಿಟ್ಟದ್ದು ಆ ಒಂದು ಸಲ ಬಿಡದಿದ್ದರೆ? ಅವಳು ತನ್ನ ಮೇಜಿನಿಂದ ಕೊಕ್ಕೆಯಂತೆ ಬಾಗಿದ ಚೂರಿಯೊಂದನ್ನು ತಂದಳು. ದಪ್ಪ ಹೊದಿಕೆಗಳ ಹೊಲಿಗೆ ಸೀಳುವ ಚೂರಿ. ಹರಿತವಿರುವುದು ಬಾಗಿದ ಒಳಗಡೆ ಮಾತ್ರ; ಮೈಗೆ ತಾಗಿದರೂ ಗಾಯವಾಗದು.

"ಗುಂಡಿ ಬಿಡಲಿಲ್ಲ ಅಂತಲೇ ಇಟ್ಕೊಳಿ. ಆಗ ಇದು. ಸೀಟಿನ ಪಕ್ಕ, ನಿಮ್ಮ ಕೈಗೆ ಎಟಕೋ ಕಡೆ ಚೀಲ ಹೊಲಿದು ಇಡ್ತೀನಿ. ಹಳೆ ಬೆಲ್ಟ್ ಮೇಲೆ ನೋಡಿ."

ಹಳೆ ಬೆಲ್ಟನ್ನು ಅವಳು ಬಿಗಿಯಾಗಿ ಹಿಡಿದಳು. ಮಾವ ಕೊಕ್ಕೆ ತೂರಿಸಿ ಒಂದು ಸಲ ಎಳೆದರು. ಪಟ್ಟಿ ಸರ್ರೆಂದು ಎರಡಾಯಿತು. ಅವರು ತುಂಡಾದ ತುದಿಯನ್ನು ನೋಡಿದರು. ಇನ್ನೊಂದು ಸಲ ಎಳೆದರು. ಮತ್ತೆ. ಮತ್ತೆ. ಅವಳು ಹಿಡಿಯುತ್ತಾ ಹೋದಳು, ಅವರು ಕತ್ತರಿಸುತ್ತಾ ಹೋದರು. ಫ್ಯೂಸಣ್ಣ ಏನೋ ತಮಾಷೆ ಹೇಳಲು ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿಕೊಂಡು, ಸದ್ದಿಲ್ಲದೆ ಹೊರಗೆ ಹೋದ. ಇಡೀ ಬೆಲ್ಟು ಬೆರಳುದ್ದದ ಚೂರುಗಳಾಗಿ ನೆಲದ ಮೇಲೆ ಬಿದ್ದ ಮೇಲೆ ಮಾವ ಸ್ಪಂಜಿನ ರಾಶಿಯ ಮೇಲೆ ಕೂತು, ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದು ಅತ್ತರು. ಅವಳು ಚೂರುಗಳನ್ನು ಗುಡಿಸಿ ತೆಗೆದು, ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ಹೊಲಿಗೆ ಯಂತ್ರದ ಮುಂದೆ ಕೂತು ಚೂರಿಯ ಚೀಲ ಹೊಲಿಯಲು ಶುರುಮಾಡಿದಳು.

ಹೊಸ ಬೆಲ್ಟು, ಹೊಸ ಬಕಲು ಕಾರಿಗೆ ಕೂತವು. ಫ್ಯೂಸಣ್ಣ ವೈರು ಸೇರಿಸಿದ. ಬಜರಿನ ಸದ್ದು ಬಹಳ ಕಿರುಚುತ್ತದೆ, ಮೆತ್ತಗಿನದು ಹಾಕು ಎಂದು ಮಾವ ಹೇಳಿದ್ದಕ್ಕೆ ಬೇರೆಯದನ್ನು ತಂದ. ಟಣ್ ಟಣ್ ಎಂದು ದೂರದಲ್ಲೆಲ್ಲೋ ಸೈಕಲ್ ಬೆಲ್ ಬಡಿದಂಥ ಸದ್ದು.

ಹಲ್ಲಿನ ಡಾಕ್ಟರ ಕುರ್ಚಿ ಮುಟ್ಟಿಸುವ ದಿನ ಅವಳೂ ಜೊತೆಗೆ ಹೊರಟಳು. ತನ್ನ ಬೆಲ್ಟ್ ಹಾಕಿಕೊಂಡು ಮುಂದೆ ನೋಡುತ್ತಾ ಕೂತಳು. ಮಾವ ಕೀ ತಿರುಗಿಸಿದರು. ಟಣ್ ಟಣ್ ಟಣ್. ಬೆಲ್ಟನ್ನು ಎಳೆದರು. ನಾಲಿಗೆ ಬಕಲಿನ ಬಾಯಿಯ ಬಳಿ ಬಂದು ನಿಂತಿತು. ಕೈ ಮುಂದೆ ಹೋಗಲಿಲ್ಲ. ಗಂಟೆ ಬಡಿಯುತ್ತಲೇ ಇತ್ತು. ಅವರ ಕಿವಿಯ ಪಕ್ಕದಲ್ಲಿ ಬೆವರು ಇಳಿಯುವುದು ಅವಳಿಗೆ ಕಾಣುತ್ತಿತ್ತು.

ಗೇಟಿನ ಬಳಿಯಿಂದ ಅತ್ತೆ ಕೂಗಿದರು. "ಏನ್ರೀ, ಬೇಗ ಹಾಕ್ಕೊಳ್ರೀ! ಐಸ್ ಕ್ಯಾಂಡಿ ಗಾಡಿ ಬಂತು ಅಂತ ಬೀದಿ ಮಕ್ಕಳೆಲ್ಲ ಆಚೆ ಬರ್ತಿದಾವೆ!"

ಮಾವ ಫಕ್ಕನೆ ನಕ್ಕರು. ನಗುವಿನ ನಡುವೆಯೇ ಕ್ಲಿಕ್ಕೆಂದಿತು. ಗಂಟೆ ನಿಂತಿತು. ಅವರು ಒಂದು ಗಳಿಗೆ ಉಸಿರು ಬಿಗಿಹಿಡಿದಿದ್ದು, ಎಡಗೈಯಿಂದ ಸೀಟಿನ ಪಕ್ಕದ ಚೀಲವನ್ನು ಮುಟ್ಟಿ ನೋಡಿ, ಗೇರು ಹಾಕಿದರು.

ಮಾರುಕಟ್ಟೆ ದಾಟಿದರು, ಶಾಲೆ ದಾಟಿದರು. ಮಾವ ಎಂದಿಗಿಂತ ನಿಧಾನವಾಗಿ ಓಡಿಸುತ್ತಿದ್ದರು, ಆದರೆ ಕೈ ಗಟ್ಟಿಯಿತ್ತು. ಡಾಕ್ಟರ ದವಾಖಾನೆ ಇದ್ದದ್ದು ಹೊಳೆಯ ಆಚೆ ದಡದಲ್ಲಿ. ಸೇತುವೆ ಕಾಣಿಸುತ್ತಲೇ ಅವರು ಕಾರನ್ನು ಬದಿಗೆಳೆದರು. ಜಾಗ ಕಿರಿದು, ಪೂರ್ತಿ ಬದಿಗೆ ಹೋಗಲಿಲ್ಲ.

"ಏನಾಯ್ತು ಮಾವ?"

"ಏನಿಲ್ಲ. ಒಂದ್ಸಲ ನೋಡ್ಕೊಂಡು ಬಿಡ್ತೀನಿ."

ಗುಂಡಿ ಒತ್ತಿದರು. ಬೆಲ್ಟ್ ಸರ್ರನೆ ಹಿಂದಕ್ಕೆ ಹೋಯಿತು. ಟಣ್ ಟಣ್. ಮತ್ತೆ ಎಳೆದು ಸಿಕ್ಕಿಸಿದರು. ಮತ್ತೆ ಒತ್ತಿದರು. ಬಿಟ್ಟಿತು. ಹಿಂದೆ ಒಂದು ಲಾರಿ ಬಂದು ನಿಂತು ಹಾರ್ನ್ ಹೊಡೆಯಿತು. ಅದರ ಹಿಂದೆ ಇನ್ನೊಂದು ಕಾರು. ಮಾವ ತಬ್ಬಿಬ್ಬಾಗಿ ಕನ್ನಡಿ ನೋಡಿದರು.

"ನೀವು ನಿಧಾನಕ್ಕೆ ನೋಡ್ಕೊಳಿ" ಎಂದು ಸೀಟಕ್ಕ ತನ್ನ ಬೆಲ್ಟ್ ಬಿಚ್ಚಿ ಕೆಳಗಿಳಿದಳು. ಲಾರಿಯ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಏನಮ್ಮಾ, ಗಾಡಿ ಕೆಟ್ಟಿದ್ಯಾ?" ಎಂದು ಕೇಳಿದ.

"ಗಾಡಿ ಚೆನ್ನಾಗೇ ಇದೆ" ಎಂದಳು ಅವಳು, ರಸ್ತೆಯ ನಡುವೆ ಕೈ ಅಗಲಿಸಿ ನಿಂತು. "ಸ್ವಲ್ಪ ತಡೀರಿ. ನಮ್ಮ ಮಾವ ಸೇತುವೆ ದಾಟ್ತಿದಾರೆ."